ಲಾಲ್‌ಬಾಗನ್ನು ಕೆರೆಯಿಂದ ಶುರುಮಾಡಿ: ಜನಜಂಗುಳಿಯಿಲ್ಲದ ಒಂದು ಬೆಳಗಿಗೆ ಮಾರ್ಗದರ್ಶಿ

ಒಂದು ವರ್ಷ ಆಗಸ್ಟ್‌ 15ರ ಫಲಪುಷ್ಪ ಪ್ರದರ್ಶನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಗಾಜಿನ ಮನೆಯ ಮುಂದೆ ಸಾಲಿನಲ್ಲಿ ನಿಂತು ನಿಂತು ಅವಳ ಮಂಡಿ ಸೋತುಹೋಯಿತು. ಒಳಗೆ ಹೋದರೆ ಹಿಂದಿನಿಂದ ತಳ್ಳುವವರೇ. ಒಂದು ಹೂವಿನ ಮುಂದೆಯೂ ನಿಲ್ಲಲಾಗಲಿಲ್ಲ. ಹೊರಗೆ ಬಂದವಳೇ ಒಂದು ಕಲ್ಲುಬೆಂಚಿನ ಮೇಲೆ ಕೂತು, “ಸಾಕು ಕಣೋ, ಲಾಲ್‌ಬಾಗ್‌ ನೋಡಿದ ಹಾಗಾಯ್ತು, ಮನೆಗೆ ಹೋಗೋಣ” ಅಂದಳು. ಕೆರೆಯ ಹತ್ತಿರಕ್ಕೂ ನಾವು ಹೋಗಿರಲಿಲ್ಲ. ಬಂಡೆಯಂತೂ ದೂರದ ಮಾತು.

ಬೆಂಗಳೂರಿಗೆ ಬರುವ ನೆಂಟರಿಗೂ ಇಲ್ಲೇ ಹುಟ್ಟಿ ಬೆಳೆದವರಿಗೂ ಎಷ್ಟೋ ಸಲ ಹೀಗೇ ಆಗುತ್ತದೆ. ಲಾಲ್‌ಬಾಗ್‌ ಅಂದರೆ ಗಾಜಿನ ಮನೆ, ಗಾಜಿನ ಮನೆ ಅಂದರೆ ಹೂವು ಎಂಬ ಲೆಕ್ಕದಲ್ಲಿ ಹೋಗಿ ಸುಸ್ತಾಗಿ ಬರುತ್ತಾರೆ. 240 ಎಕರೆಯ ತೋಟದಲ್ಲಿ ಗಾಜಿನ ಮನೆ ಒಂದು ಸಣ್ಣ ಭಾಗ ಮಾತ್ರ. ನಾನು ವರ್ಷಗಳಿಂದ ಹೋಗುವ ದಾರಿಯೇ ಬೇರೆ: ಮೊದಲು ಕೆರೆ, ಆಮೇಲೆ ಬಂಡೆ, ಆಮೇಲೆ ಮರಗಳು, ಕೊನೆಗೆ ಗಾಜಿನ ಮನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ.

ದಿನ ಮತ್ತು ಹೊತ್ತು

ಜನವರಿ 26 ಮತ್ತು ಆಗಸ್ಟ್‌ 15ರ ಆಸುಪಾಸಿನ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ. ಶನಿವಾರ, ಭಾನುವಾರವೂ ಬೇಡ. ವಾರದ ನಡುವಿನ ದಿನ, ಮಂಗಳವಾರವೋ ಬುಧವಾರವೋ, ಒಳ್ಳೆಯದು. ತೋಟದ ಬಾಗಿಲು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 7ಕ್ಕೆ ಮುಚ್ಚುತ್ತದೆ. ಬೆಳಗಿನ ನಡಿಗೆಯ ಹೊತ್ತಿನಲ್ಲಿ ಹೋದರೆ ಟಿಕೆಟ್‌ ಇಲ್ಲ, ಆಮೇಲೆ ತೆಗೆದುಕೊಳ್ಳಬೇಕು. ದರ ಆಗಾಗ ಬದಲಾಗುತ್ತದೆ. ಗೇಟಿನ ಪಕ್ಕದ ಫಲಕ ನೋಡಿಕೊಳ್ಳಿ.

ಆರು ಗಂಟೆಗೇ ಹೋಗಿ ಎಂದು ನಾನು ಒತ್ತಿ ಹೇಳುವುದು ಟಿಕೆಟ್ಟಿನ ದುಡ್ಡು ಉಳಿಸಲು ಅಲ್ಲ. ಆರರಿಂದ ಎಂಟರವರೆಗೆ ಅಲ್ಲಿರುವವರು ಹೆಚ್ಚಾಗಿ ದಿನವೂ ಬರುವವರು. ಅವರು ತಮ್ಮ ಪಾಡಿಗೆ ತಾವು ನಡೆಯುತ್ತಾರೆ. ಹಕ್ಕಿಗಳೂ ಆಗಲೇ ಮೇವಿಗೆ ಇಳಿದಿರುತ್ತವೆ. ಒಂಬತ್ತರ ಮೇಲೆ ಶಾಲಾ ಮಕ್ಕಳ ಪ್ರವಾಸ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಎಲ್ಲ ಶುರು. ಅವರದೂ ತೋಟವೇ, ಅದರಲ್ಲಿ ತಪ್ಪೇನಿಲ್ಲ. ಆದರೆ ನಿಶ್ಶಬ್ದ ಬೇಕಿದ್ದವರು ಅಷ್ಟರೊಳಗೆ ಕೆರೆ ನೋಡಿ ಮುಗಿಸಿರಬೇಕು.

ತಿಂಗಳು ಯಾವುದಾದರೂ ಆದೀತು. ನನಗೆ ಇಷ್ಟ ನವೆಂಬರ್‌ನಿಂದ ಫೆಬ್ರವರಿ: ನೀರಿನ ಮೇಲೆ ಮಂಜು ಇರುತ್ತದೆ, ತೆಳ್ಳಗೊಂದು ಸ್ವೆಟರ್‌ ಬೇಕು. ಏಪ್ರಿಲ್‌, ಮೇ ತಿಂಗಳಲ್ಲಾದರೆ ಬೆಳಿಗ್ಗೆಯೇ ಹೋಗಿ ಬನ್ನಿ. ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ದಿಢೀರನೆ ಗಾಳಿ ಮಳೆ ಬರುತ್ತದೆ, ಹಳೆಯ ಮರಗಳ ಕೊಂಬೆ ಮುರಿದು ಬೀಳುತ್ತವೆ. ಗಾಳಿ ಎದ್ದರೆ ಮರದ ಕೆಳಗೆ ನಿಲ್ಲಲೇಬೇಡಿ.

ಹೋಗುವುದು ಹೇಗೆ

ಮೆಟ್ರೊದಲ್ಲಿ ಹೋಗಿ. ಹಸಿರು ಮಾರ್ಗದಲ್ಲಿ ಲಾಲ್‌ಬಾಗ್‌ ಹೆಸರಿನದೇ ನಿಲ್ದಾಣವಿದೆ. ಇಳಿದರೆ ಪಶ್ಚಿಮ ದ್ವಾರ ಪಕ್ಕದಲ್ಲೇ. ಮೆಜೆಸ್ಟಿಕ್‌ನಿಂದ ಹತ್ತಿದವರಿಗೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್‌ ಕಾಲೇಜು ದಾಟಿದ ಮೇಲೆ ನಾಲ್ಕನೆಯದು. ಎಲೆಕ್ಟ್ರಾನಿಕ್‌ ಸಿಟಿ ಕಡೆಯವರು ಹಳದಿ ಮಾರ್ಗದಲ್ಲಿ ಬಂದು ಆರ್‌.ವಿ. ರಸ್ತೆಯಲ್ಲಿ ಬದಲಿಸಿಕೊಂಡರೆ ಜಯನಗರ, ಸೌತ್‌ ಎಂಡ್‌ ಆದ ಮೇಲೆ ಲಾಲ್‌ಬಾಗ್‌. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ ಎಂಬುದು ನೆನಪಿರಲಿ.

ಜೊತೆಗೆ ಏನಿರಬೇಕು? ಸ್ಟೀಲ್‌ ಬಾಟಲಿಯಲ್ಲಿ ನೀರು, ತಲೆಗೊಂದು ಟೋಪಿ, ಜಾರದ ಚಪ್ಪಲಿ ಅಥವಾ ಶೂ. ಬಂಡೆ ಹತ್ತುವಾಗ ಕೊನೆಯದರ ಬೆಲೆ ತಿಳಿಯುತ್ತದೆ. ದುರ್ಬೀನು ಇದ್ದರೆ ತನ್ನಿ. ಪ್ಲಾಸ್ಟಿಕ್‌ ಚೀಲ ಬೇಡ, ತೋಟದಲ್ಲಿ ಪ್ಲಾಸ್ಟಿಕ್‌ಗೆ ನಿಷೇಧವಿದೆ. ಒಳಗೆ ಕೂತು ತಿನ್ನಲೆಂದು ಬುತ್ತಿ ಕಟ್ಟಿಕೊಳ್ಳುವುದೂ ಬೇಡ. ತಿಂಡಿಯ ವಿಷಯ ಮುಂದೆ ಹೇಳುತ್ತೇನೆ.

ಕೆರೆಯ ದಂಡೆ: ಇಲ್ಲಿ ಆತುರ ಬೇಡ

ಪಶ್ಚಿಮ ದ್ವಾರದಿಂದ ಒಳಗೆ ಬಂದಾಗ ಗಾಜಿನ ಮನೆಗೆ ದಾರಿ ತೋರಿಸುವ ಫಲಕ ಕಣ್ಣಿಗೆ ಬೀಳುತ್ತದೆ. ಆ ಕಡೆ ತಿರುಗಬೇಡಿ. ಕೆರೆ ಯಾವ ಕಡೆ ಎಂದು ನಡೆಯುವವರಲ್ಲಿ ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಹೆಚ್ಚು ದೂರವಿಲ್ಲ.

ನೀರು ಕಂಡ ಕೂಡಲೇ ಮಾಡಬೇಕಾದ ಕೆಲಸ ಒಂದೇ, ನಿಲ್ಲುವುದು. ಹತ್ತು ನಿಮಿಷ. ಮೊದಲೆರಡು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ. ಆಮೇಲೆ ಒಂದೊಂದಾಗಿ ಕಾಣತೊಡಗುತ್ತವೆ. ನೀರಿನತ್ತ ಬಾಗಿದ ಒಣಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆ. ಮುಳುಗಿ ಮೀನು ಹಿಡಿಯುವ ಹಕ್ಕಿಯಾದರೂ ಅದರ ಗರಿ ನೀರು ಹೀರುತ್ತದೆ, ಅದಕ್ಕೇ ಮುಳುಗಿ ಎದ್ದಮೇಲೆ ಬಿಸಿಲಿಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತದೆ. ದಂಡೆಯ ಜೊಂಡಿನಲ್ಲಿ ನೇರಳೆ ಜಂಬುಕೋಳಿ ಕೆಂಪು ಹಣೆ ಎತ್ತಿಕೊಂಡು ಓಡಾಡುತ್ತದೆ. ಅದರ ಕಾಲ್ಬೆರಳು ನೋಡಿ, ಎಷ್ಟು ಉದ್ದ! ಆ ಬೆರಳುಗಳಿಂದಲೇ ಅದು ತೇಲುವ ಗಿಡಗಳ ಮೇಲೆ ಮುಳುಗದೆ ನಡೆಯುವುದು. ಅದೃಷ್ಟವಿದ್ದರೆ ದೊಡ್ಡ ಜೋಲುಚೀಲದ ಹೆಜ್ಜಾರ್ಲೆಯೂ ಕಾಣಸಿಗುತ್ತದೆ.

ನನಗೆ ಇವೆಲ್ಲಕ್ಕಿಂತ ಪ್ರೀತಿ ಕೊಳದ ಬಕದ ಮೇಲೆ. ಕಳೆದ ಚಳಿಗಾಲದಲ್ಲಿ ಒಂದು ದಿನ ನನ್ನಿಂದ ನಾಲ್ಕೈದು ಮಾರು ದೂರದಲ್ಲೇ ಅದು ನಿಂತಿತ್ತು, ನಾನು ನೋಡಿರಲೇ ಇಲ್ಲ. ಮಣ್ಣಿನ ಬಣ್ಣದ ಮೈ, ಗೆರೆಗೆರೆಯ ಕತ್ತು, ಒಂದು ಮರದ ಬೊಡ್ಡೆಯ ಹಾಗೆ. ಕತ್ತು ಭುಜದೊಳಗೆ ಹುದುಗಿತ್ತು. ಐದು ನಿಮಿಷ ಅಲುಗಾಡಲಿಲ್ಲ. ಆಮೇಲೆ ಕತ್ತು ಬಾಣದ ಹಾಗೆ ಮುಂದೆ ಹೋಗಿ ಬಂತು, ಕೊಕ್ಕಿನಲ್ಲಿ ಬೆರಳುದ್ದದ ಮೀನು ಒದ್ದಾಡುತ್ತಿತ್ತು. ಅಷ್ಟರಲ್ಲಿ ಯಾರೋ ಓಡುತ್ತ ಬಂದರು, ಹಕ್ಕಿ ಹಾರಿತು. ಹಾರಿದ ಕೂಡಲೇ ಬೆಳ್ಳಗಾಯಿತು! ಆ ಬಿಳಿಯೆಲ್ಲ ರೆಕ್ಕೆಯೊಳಗೇ ಮಡಿಸಿಟ್ಟುಕೊಂಡಿತ್ತು ಅದು. ಬೆಳ್ಳಕ್ಕಿ ಎಂದು ಬಾಲ್ಯದಲ್ಲಿ ನಾನು ತಿಳಿದ ಎಷ್ಟೋ ಹಕ್ಕಿಗಳು ಇವೇ ಇದ್ದಿರಬೇಕು.

ಹಕ್ಕಿ ನೋಡುವವರಿಗೆ ಒಂದು ಉಪಾಯ. ಬೆಳಗಿನ ಬಿಸಿಲು ಎದುರಿಗಿದ್ದರೆ ಹಕ್ಕಿಗಳೆಲ್ಲ ಕಪ್ಪು ನೆರಳಾಗಿ ಕಾಣುತ್ತವೆ, ಬಣ್ಣ ತಿಳಿಯುವುದಿಲ್ಲ. ದಂಡೆಯ ಹಾದಿ ಹಿಡಿದು ಪೂರ್ವದ ಕಡೆಗೆ ಸುತ್ತಿ ಬಂದು, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಅದೇ ಮಿಂಚುಳ್ಳಿ ಆಗ ಹೊಸದಾಗಿ ಬಣ್ಣ ಬಳಿದಂತೆ ಕಾಣುತ್ತದೆ. ಒಬ್ಬರೇ ಹೋಗಿ ಹೆಸರು ಗುರುತಿಸುವುದು ಕಷ್ಟವಾದರೆ ತಿಂಗಳ ಎರಡನೇ ಭಾನುವಾರ ಹೋಗಿ. ಎಪ್ಪತ್ತರ ದಶಕದಿಂದಲೂ ಅಂದು ಬೆಳಿಗ್ಗೆ ಹಕ್ಕಿ ನೋಡುವವರು ಲಾಲ್‌ಬಾಗ್‌ನಲ್ಲಿ ಕೂಡುವ ರೂಢಿಯಿದೆ. ಗೊತ್ತಿಲ್ಲದವರಿಗೆ ಹೇಳಿಕೊಡುವುದರಲ್ಲಿ ಅವರಿಗೆ ಸಂತೋಷ. ಭಾನುವಾರ ಬೇಡ ಎಂದು ಮೇಲೆ ಹೇಳಿದ ಮಾತಿಗೆ ಇದೊಂದು ವಿನಾಯಿತಿ.

ದಯವಿಟ್ಟು ಮೀನಿಗೆ ಪುರಿ, ಬ್ರೆಡ್ಡು ಎಸೆಯಬೇಡಿ. ಪುಣ್ಯದ ಕೆಲಸವೆಂದು ಮಾಡುವವರಿದ್ದಾರೆ, ಅವರ ಮನಸ್ಸು ಒಳ್ಳೆಯದೇ. ಆದರೆ ಮೀನು ತಿಂದು ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆತದ್ದೇ ಗೊಬ್ಬರವಾಗಿ ಪಾಚಿ ಹಬ್ಬುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಅದೇ ಮೀನು ಉಸಿರಿಗೆ ಬಾಯಿಬಿಡುತ್ತದೆ. ಮಗುವಿಗೆ ಪುರಿ ಎಸೆಯುವ ಆಸೆಯಾದರೆ, ಬದಲಿಗೆ ನೀರುಕಾಗೆ ಎಷ್ಟು ಎಣಿಸುವಷ್ಟರಲ್ಲಿ ಮೇಲೆ ಬರುತ್ತದೆ ಎಂದು ಎಣಿಸಲು ಹೇಳಿ. ನನ್ನ ಅಣ್ಣನ ಮಗಳು ಈ ಆಟದಲ್ಲಿ ಅರ್ಧ ಗಂಟೆ ಕಳೆಯುತ್ತಾಳೆ.

ಬಂಡೆ

ಕೆರೆಯಿಂದ ಮುಂದೆ ಡಬಲ್‌ ರೋಡ್‌ ಕಡೆಯ ದ್ವಾರದತ್ತ ನಡೆಯಿರಿ. ದೊಡ್ಡ ಬೋಳು ಬಂಡೆ, ನೆತ್ತಿಯ ಮೇಲೆ ಪುಟ್ಟ ಗೋಪುರ. ಗೋಪುರ ಕೆಂಪೇಗೌಡರದು. 1537ರಲ್ಲಿ ಕಟ್ಟಿದ ಊರಿನ ನಾಲ್ಕು ದಿಕ್ಕಿಗೆ ನಿಂತ ಗೋಪುರಗಳಲ್ಲಿ ಇದೊಂದು. ಉಳಿದವು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಹತ್ತಿರ ಇವೆ. ಊರು ಈ ಗಡಿಯವರೆಗೆ ಬೆಳೆಯುತ್ತದೆ ಎಂದು ಗೋಪುರ ಕಟ್ಟಿದರೆಂಬ ಮಾತು ಮನೆಮನೆಯಲ್ಲಿದೆ. ನೆತ್ತಿಯ ಮೇಲೆ ನಿಂತು ಸುತ್ತ ನೋಡಿದರೆ ಊರು ಎಲ್ಲಿಗೆ ಹೋಗಿದೆ ಎಂದು ಕಾಣುತ್ತದೆ.

ಎಲ್ಲರೂ ಗೋಪುರದ ಹತ್ತಿರ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ನೀವು ಕಾಲ ಕೆಳಗೆ ನೋಡಿ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲೆ ಮರವಿಲ್ಲ, ಹುಲ್ಲಿಲ್ಲ, ಮೀನಿಲ್ಲ, ಬರೀ ಸೂಕ್ಷ್ಮಜೀವಿಗಳಿದ್ದ ಕಾಲದ ಕಲ್ಲು ಇದು. ಈ ಜಾತಿಯ ಕಲ್ಲಿಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಬರುವ ‘ಪೆನಿನ್ಸುಲಾರ್‌ ನೈಸ್‌’ ಎಂಬ ಹೆಸರನ್ನು ಇಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್‌. ಸ್ಮೀತ್‌, 1916ರಲ್ಲಿ. ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾಗಿರುವ ಶಿಲೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ; ಫಲಕವೂ ಅಲ್ಲೇ ಇದೆ, ಓದಿ.

ಆಮೇಲೆ ಕುಕ್ಕರಗಾಲಲ್ಲಿ ಕೂರಿ, ಅಂಗೈ ಇಡಿ. ಬೆಳಗಿನ ಏಳು ಗಂಟೆಗೆ ಅದು ಇನ್ನೂ ರಾತ್ರಿಯ ತಂಪು ಬಿಟ್ಟಿರುವುದಿಲ್ಲ. ಬೂದು ಕಲ್ಲಿನ ಮೇಲೆ ಬಿಳಿ ಪಟ್ಟಿ, ಕಪ್ಪು ಪಟ್ಟಿ ಒಂದರ ಪಕ್ಕ ಒಂದು ಓಡುತ್ತವೆ, ಒಂದೊಂದು ಕಡೆ ಸೀರೆಯ ನೆರಿಗೆಯ ಹಾಗೆ ಬಾಗಿ ಮಡಚಿಕೊಂಡಿವೆ. ಬಿಳಿಯದರಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್‌. ಕಪ್ಪಿನಲ್ಲಿ ಹೆಚ್ಚಾಗಿ ಕಾಗೆಬಂಗಾರದ ಜಾತಿಯ ಖನಿಜ. ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆತ್ತಗಾದಾಗ ಖನಿಜಗಳು ಹೀಗೆ ಬೇರೆ ಬೇರೆ ಪಟ್ಟಿಗಳಾಗಿ ಕೂಡಿಕೊಂಡವು. ಮೇಲಿದ್ದದ್ದೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಗಿ, ಆ ಆಳದ ಕಲ್ಲು ಈಗ ನಮ್ಮ ಅಂಗೈ ಕೆಳಗೆ ಬಂದಿದೆ. ನಾನು ಪ್ರತಿ ಸಲವೂ ಒಮ್ಮೆ ಮುಟ್ಟಿಯೇ ಇಳಿಯುತ್ತೇನೆ.

ಮಳೆ ಬಿದ್ದ ಮರುದಿನ ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ. ನೋಡಲು ಚೆನ್ನ, ಕಾಲಿಗೆ ಅಪಾಯ. ಇಳಿಯುವಾಗ ಪಾಚಿ ಕಟ್ಟಿದ ಕಪ್ಪು ಜಾಗ ಬಿಟ್ಟು ಒಣಗಿದ ಕಡೆ ಹೆಜ್ಜೆ ಇಡಿ. ಬಂಡೆಯ ಮೇಲೆ ಹೆಸರು ಕೆತ್ತಿದ್ದು, ಸುಣ್ಣದಲ್ಲಿ ಬರೆದದ್ದು ಎಲ್ಲಿ ಕಂಡರೂ ನನಗೆ ಹೊಟ್ಟೆ ಉರಿಯುತ್ತದೆ. ಮಕ್ಕಳ ಕೈಗೆ ಕಲ್ಲುಚೂರು ಸಿಕ್ಕರೆ ನಯವಾಗಿ ತೆಗೆದುಕೊಂಡುಬಿಡಿ.

ಮರಗಳ ನಡುವೆ

1760ರಲ್ಲಿ ಹೈದರ್‌ ಅಲಿ ಈ ತೋಟ ಶುರುಮಾಡಿದ್ದು ನಮ್ಮ ಶಿರಾದಲ್ಲಿದ್ದ ಮೊಗಲ್‌ ತೋಟದ ಮಾದರಿಯಲ್ಲಿ. ಟಿಪ್ಪು ಸುಲ್ತಾನ್‌ ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯತೋಟವಾಯಿತು. ಆಮೇಲೆ ಬಂದ ಒಬ್ಬೊಬ್ಬ ಮೇಲ್ವಿಚಾರಕರ ಕೈಗುಣವೂ ತೋಟದಲ್ಲಷ್ಟೇ ಅಲ್ಲ, ನಮ್ಮ ಅಡುಗೆಮನೆಯಲ್ಲೂ ಬೀದಿಯಲ್ಲೂ ಉಳಿದಿದೆ. ಜಾನ್‌ ಕ್ಯಾಮರಾನ್‌ 1874ರಿಂದ 1908ರವರೆಗೆ ಇಲ್ಲಿದ್ದರು. ಸೀಮೆಬದನೆಯನ್ನು ಈ ಊರಿಗೆ ಪರಿಚಯಿಸಿದ್ದು ಅವರು ಎನ್ನುತ್ತಾರೆ. ಅದನ್ನೇ ತೆಲುಗಿನವರು ಇಂದಿಗೂ ‘ಬೆಂಗಳೂರು ವಂಕಾಯ’ ಎಂದೂ ತಮಿಳರು ‘ಬೆಂಗಳೂರು ಕತ್ತರಿಕಾಯ್‌’ ಎಂದೂ ಕರೆಯುವುದು.

ಅವರ ನಂತರ ಬಂದವರು ಜರ್ಮನಿಯ ಗುಸ್ತಾವ್‌ ಹರ್ಮನ್‌ ಕೃಂಬಿಗಲ್‌. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂದು ಲೆಕ್ಕ ಹಾಕಿ ಸಾಲುಮರ ನೆಡಿಸಿದವರು. ಜನವರಿ, ಫೆಬ್ರವರಿಯಲ್ಲಿ ಟಬೆಬುಯಾ, ಮಾರ್ಚ್‌ನಲ್ಲಿ ನೀಲಿ ಜಕರಂಡ, ಏಪ್ರಿಲ್‌ ಮೇ ಹೊತ್ತಿಗೆ ಕೆಂಪು ಗುಲ್‌ಮೊಹರ್‌ ಎಂದು ನಾವು ಇಂದಿಗೂ ತಿಂಗಳು ಗುರುತು ಹಿಡಿಯುವುದರ ಹಿಂದೆ ಆ ಲೆಕ್ಕವಿದೆ. ಎಚ್‌.ಸಿ. ಜವರಾಯ, ಎಂ.ಎಚ್‌. ಮರಿಗೌಡ ಆಮೇಲಿನ ಹೆಸರುಗಳು. ಮರಿಗೌಡರು ರೈತರ ಹಣ್ಣು ತರಕಾರಿಗೆ ಮಾರುಕಟ್ಟೆ ಬೇಕೆಂದು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘಕ್ಕೆ ಬುನಾದಿ ಹಾಕಿದರು. ನಮ್ಮ ಬೀದಿಮೂಲೆಯ ಹಾಪ್‌ಕಾಮ್ಸ್‌ ಬೆಳೆದದ್ದು ಅದರಿಂದ.

ಮರ ನೋಡುವುದಕ್ಕೆ ನಕ್ಷೆ ಬೇಡ. ಬೇರೆ ಬೇರೆ ಹಾದಿಗಳಲ್ಲಿ ಸುಮ್ಮನೆ ನಡೆಯಿರಿ, ಬುಡದ ಫಲಕ ಓದಿ. ಎರಡನ್ನು ಮಾತ್ರ ಕೇಳಿಯಾದರೂ ನೋಡಿ. ಒಂದು ಹಳೆಯ ಬಿಳಿ ಬೂರುಗ: ಬುಡದಿಂದ ಗೋಡೆಯಂತೆ ಎದ್ದ ಬೇರುಗಳ ಸಂದಿನಲ್ಲಿ ಒಬ್ಬ ಮನುಷ್ಯ ನಿಂತರೆ ಕಾಣದಷ್ಟು ದೊಡ್ಡದು. ಇನ್ನೊಂದು ನಾಗಲಿಂಗ. ಅದರ ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಬೊಡ್ಡೆಯಿಂದಲೇ ಹೊರಟ ಜಡೆಗಳಲ್ಲಿ ಬಿಡುತ್ತದೆ. ಬೆಳಿಗ್ಗೆ ಕೆಳಗೆ ಬಿದ್ದ ಹೂವೊಂದನ್ನು ಎತ್ತಿ ನೋಡಿ, ಹೆಡೆ ಬಿಚ್ಚಿದ ನಾಗನ ಅಡಿಯಲ್ಲಿ ಪುಟ್ಟ ಲಿಂಗ. ಮರದಿಂದ ಕೀಳಬೇಡಿ. ಫುಟ್ಬಾಲಿನಷ್ಟು ದಪ್ಪದ ಕಾಯಿ ನೇತಾಡುತ್ತಿರುತ್ತದೆ, ಅದರ ನೇರಕ್ಕೆ ನಿಲ್ಲುವುದೂ ಬೇಡ. ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಕೆಳಗೆ ಗಲಾಟೆ, ಸುಗಂಧದ ಸ್ಪ್ರೇ, ಹೊಗೆ ಯಾವುದೂ ಕೂಡದು.

ಗಾಜಿನ ಮನೆ, ಆಮೇಲೆ ತಿಂಡಿ

ಇಷ್ಟು ಹೊತ್ತಿಗೆ ಎಂಟೂವರೆ ಆಗಿರುತ್ತದೆ. ಗಾಜಿನ ಮನೆಗೆ ಈಗ ಬನ್ನಿ. 1889ರ ನವೆಂಬರ್‌ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್‌ ವಿಕ್ಟರ್‌ ಇದಕ್ಕೆ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್‌ ಪ್ಯಾಲೆಸ್‌ ಮಾದರಿ. ಪ್ರದರ್ಶನವಿಲ್ಲದ ದಿನ ಹೆಚ್ಚಾಗಿ ಖಾಲಿ. ಖಾಲಿಯಿದ್ದಾಗಲೇ ಅದರ ಕಬ್ಬಿಣದ ಕಮಾನುಗಳ ಸಾಲು, ಗಾಜಿನಿಂದ ಇಳಿಯುವ ಬೆಳಕು ಕಾಣುವುದು. ಹತ್ತು ನಿಮಿಷ ಸಾಕು.

ತಿಂಡಿಗೆ ಎರಡು ದಾರಿ. ಲಾಲ್‌ಬಾಗ್‌ ರಸ್ತೆಯಲ್ಲಿ 1924ರಿಂದ ಇರುವ ಎಂ.ಟಿ.ಆರ್‌. ಹತ್ತಿರ; ಅಕ್ಕಿಯ ಬರ ಬಂದ ಯುದ್ಧಕಾಲದಲ್ಲಿ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಕಾಯಬೇಕಾಗುತ್ತದೆ, ಹಸಿದ ಮಕ್ಕಳಿದ್ದರೆ ಯೋಚಿಸಿ. ಪಶ್ಚಿಮ ದ್ವಾರದಿಂದ ಹೊರಬಿದ್ದರೆ ಆಟೊ ಹಿಡಿದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಬಹುದು, 1943ರದು, ಮಸಾಲೆ ದೋಸೆಗೆ. ಶುಕ್ರವಾರ ಅದಕ್ಕೆ ರಜೆ. ನಾನು ಎರಡನೆಯದರ ಪಕ್ಷ.

ಹಿರಿಯರ ಜೊತೆ ಹೋಗುವುದಾದರೆ

ನಡೆಯಲು ಆಗದವರನ್ನು ಮನೆಯಲ್ಲೇ ಬಿಡಬೇಡಿ. ತೋಟದೊಳಗೆ ಬ್ಯಾಟರಿ ಗಾಡಿಗಳಿವೆ, ದುಡ್ಡು ಕೊಟ್ಟು ಹತ್ತಬಹುದು. ಆದರೆ ಬೆಳಿಗ್ಗೆ ಬೇಗ ಅವು ಸಿಗುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಅಂಥವರ ಜೊತೆ ಬಂಡೆಯ ಆಸೆ ಬಿಟ್ಟು, ಪಶ್ಚಿಮ ದ್ವಾರದಿಂದ ನಿಧಾನವಾಗಿ ಕೆರೆಯವರೆಗೆ ಮಾತ್ರ ಹೋಗಿ, ಅಲ್ಲಲ್ಲಿ ಕೂತು. ಬೆನ್ನಿಗೆ ಒರಗುವ ಬೆಂಚು ಸಿಗದೆ ಇರಬಹುದು, ಒಂದು ಸಣ್ಣ ದಿಂಬು ಜೊತೆಗಿರಲಿ. ಫ್ಲಾಸ್ಕಿನಲ್ಲಿ ಒಂದು ಲೋಟ ಕಾಫಿ ಇದ್ದರೆ ಇನ್ನೂ ಒಳ್ಳೆಯದು.

ಆ ಆಗಸ್ಟ್‌ ಆದ ಮೇಲೆ ಡಿಸೆಂಬರಿನ ಒಂದು ಬುಧವಾರ ಅಮ್ಮನನ್ನು ಹೀಗೇ ಕರೆದುಕೊಂಡು ಹೋದೆ. ಮೆಟ್ರೊ ನಿಲ್ದಾಣದಿಂದ ಕೆರೆಗೆ ಬರುವಷ್ಟರಲ್ಲಿ ಮೂರು ಕಡೆ ಕೂತೆವು. ನೀರಿನ ಮೇಲೆ ಮಂಜಿತ್ತು. ಸೀರೆಯ ಸೆರಗು ಕಿವಿಗೆ ಸುತ್ತಿಕೊಂಡು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಬಹಳ ಹೊತ್ತಿನ ಮೇಲೆ ಎದುರಿನ ಜೊಂಡಿನ ಕಡೆ ಬೆರಳು ತೋರಿಸಿ, “ಅಲ್ಲೊಂದು ನಿಂತಿದೆ ನೋಡು, ನಮ್ಮೂರ ಗದ್ದೆಯಲ್ಲಿ ಇರ್ತಿತ್ತಲ್ಲ, ಅದೇ” ಅಂದಳು. ನನಗೆ ಕಂಡಿರಲಿಲ್ಲ. ಕೊಳದ ಬಕ.